ಕ್ಲಚ್ಚಮ್ಮನಿಗೆ ಸಿಕ್ಕ ಒಂದು ಮಾತು

ಅವಳಿಗೆ ಆ ಹೆಸರಿಟ್ಟವನು ಮೂಲೆ ಅಂಗಡಿಯ ಟೈಲರು. ತಮಾಷೆಗೆ ಅಂದದ್ದು ಅಂಟಿಕೊಂಡೇ ಬಿಟ್ಟಿತು. ಆಮೇಲೆ ಹಾಲಿನವನೂ ಕ್ಲಚ್ಚಮ್ಮ ಅಂದ, ಅಂಚೆಯವನೂ ಕ್ಲಚ್ಚಮ್ಮ ಅಂದ, ಕೊನೆಗೆ ಸ್ವಂತ ನಾದಿನಿಯೂ ಹಾಗೇ ಕರೆಯತೊಡಗಿದಳು. ಅವಳಿಗೇನೂ ಬೇಜಾರಿರಲಿಲ್ಲ. "ಕರೀಲಿ ಬಿಡಿ, ಸೈಲೆನ್ಸರಮ್ಮ ಅನ್ನಲಿಲ್ಲವಲ್ಲ, ಅದೇ ನನ್ನ ಪುಣ್ಯ" ಅನ್ನುತ್ತಿದ್ದಳು.

ಅವಳ ಗಂಡ ಕಾರು ರಿಪೇರಿ ಮೇಸ್ತ್ರಿ. ಮನೆ ಮುಂದಿನ ತಗಡಿನ ಶೆಡ್ಡೇ ಗ್ಯಾರೇಜು. ಅಡುಗೆಮನೆ ಕಿಟಕಿ ತೆಗೆದರೆ ಎದುರಿಗೇ ಶೆಡ್ಡು, ಒಗ್ಗರಣೆ ಘಾಟಿಗೆ ಮೇಸ್ತ್ರಿ ಸೀನುತ್ತಿದ್ದ, ಪೆಟ್ರೋಲ್ ವಾಸನೆಗೆ ಇವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಹಳೇ ಕಾರುಗಳು, ಅದರಲ್ಲೂ ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚಿನ ಕಾರುಗಳು ಅಂದರೆ ಸುತ್ತಮುತ್ತಲಿನವರು ಅವನ ಹತ್ತಿರವೇ ತರಬೇಕು. ಆ ಕ್ಲಚ್ಚಿನ ಸಮಾಚಾರ ಏನಪ್ಪಾ ಅಂದರೆ, ಪೆಡಲ್ ಒತ್ತಿದಾಗ ಮೇಲಿನ ಸಿಲಿಂಡರು ಎಣ್ಣೆಯನ್ನು ಪೈಪಿಗೆ ತಳ್ಳಬೇಕು, ಆ ಎಣ್ಣೆ ಹೋಗಿ ಗೇರ್‌ಬಾಕ್ಸಿನ ಪಕ್ಕ ಇರುವ ಕೆಳಗಿನ ಸಿಲಿಂಡರಿನ ಕಡ್ಡಿಯನ್ನು ತಳ್ಳಬೇಕು. ಆಗಲೇ ಗೇರು ಬೀಳುವುದು. ನಡುವೆ ಎಲ್ಲಾದರೂ ಎಣ್ಣೆ ಸೋರಿ ಗಾಳಿ ಹೊಕ್ಕಿತೋ, ಮುಗೀತು ಕಥೆ. ಪೆಡಲ್ ತಳಕ್ಕೆ ಹೋಗಿ ಮಲಗುತ್ತದೆ, ಗೇರು ಕರ್ರ್ ಅಂತ ಕಿರುಚಿಕೊಳ್ಳುತ್ತದೆ.

ಆ ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕಾರಿನಡಿ ಮಲಗಿ ಸಿಲಿಂಡರಿನ ನಿಪ್ಪಲ್ ಅನ್ನುವ ಪುಟ್ಟ ತೂತಿನ ತಿರುಪನ್ನು ಸಡಿಲಿಸಬೇಕು. ಎಣ್ಣೆ ಜೊತೆ ಗಾಳಿ ಬುಳುಬುಳು ಅಂತ ಹೊರಗೆ ಬಂದ ಮೇಲೆ ನಿಪ್ಪಲ್ ಬಿಗಿದು, ಆಮೇಲೆ ಪೆಡಲ್ ಬಿಡಬೇಕು. ಅವಸರಪಟ್ಟು ಮೊದಲೇ ಬಿಟ್ಟರೆ ಹೋದ ಗಾಳಿ ಮತ್ತೆ ಒಳಗೆ. ಕೆಳಗಿರುವವನಿಗೆ ಮೇಲಿನವಳ ಕಾಲು ಕಾಣಿಸುವುದಿಲ್ಲ, ಮೇಲಿನವಳಿಗೆ ಅವನ ಕೈ ಕಾಣಿಸುವುದಿಲ್ಲ. ಹಾಗಾಗಿ ಎಲ್ಲ ಬಾಯಲ್ಲೇ ನಡೆಯಬೇಕು.

"ಒತ್ತು."

"ಒತ್ತಿದೆ."

"ಬಿಡು."

"ಬಿಟ್ಟೆ."

ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಮೇಸ್ತ್ರಿ ಕಿಟಕಿಯ ಹತ್ತಿರ ಬಂದು, "ಏ, ಸ್ವಲ್ಪ ಬಾ, ಒಂದು ಕಾಲು ಬೇಕಿತ್ತು" ಅಂದಿದ್ದ. ಹೆಂಡತಿಯನ್ನು ಕರೆಯುವ ರೀತಿಯೇ ಅದು, ನೀವೇ ಹೇಳಿ! ಕಾಲು ಕೊಡಲು ಹೋದವಳು ಅಲ್ಲೇ ಉಳಿದಳು. ಅನ್ನ ಒಲೆಯ ಮೇಲಿದ್ದರೂ ಕೂಗಿದ ತಕ್ಷಣ ಕೈ ಒರೆಸಿಕೊಂಡು ಓಡುತ್ತಿದ್ದಳು. ಎಡಗಾಲು ಪೆಡಲಿನ ಮೇಲೆ, ಕಿವಿ ಕೆಳಗೆ. ಹಾಗೇ ಇಬ್ಬರ ತಲೆಯೂ ನರೆಯಿತು.

ಮಕ್ಕಳಾಗಲಿಲ್ಲ. ಮೇಸ್ತ್ರಿಯೋ ಮೊದಲೇ ಮಾತು ಕಮ್ಮಿಯ ಮನುಷ್ಯ, ಬೈಗುಳ ಬಿಟ್ಟರೆ ಬೇರೆ ಮಾತೇ ಬಾರದು ಅಂತ ಅವಳ ದೂರು. ಒಮ್ಮೆ ನಾದಿನಿಯ ವಿಷಯಕ್ಕೆ ಜೋರು ಜಗಳವಾಗಿ ಗಂಡ ಹೆಂಡತಿ ವಾರಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದರು. ತಟ್ಟೆ ಕುಕ್ಕುವುದೇನು, ಬಾಗಿಲು ಬಡಿಯುವುದೇನು. ಆದರೆ ಕೆಲಸ ಬಂತಲ್ಲ! ಕಾರಿನಡಿಯಿಂದ ಸಿಡುಕಿನ ದನಿಯಲ್ಲಿ "ಒತ್ತು" ಅಂತ ಬಂತು. ಅವಳೂ ಸಿಡುಕಿನಲ್ಲೇ "ಒತ್ತಿದೆ" ಅಂದಳು. ಕೆಲಸ ಮುಗಿಯುವಷ್ಟರಲ್ಲಿ ಇಬ್ಬರ ದನಿಯೂ ಮೆತ್ತಗಾಗಿತ್ತು. ಪೆಡಲ್ ಗಟ್ಟಿಯಾದ ಮೇಲೆ ಮೇಸ್ತ್ರಿ ಹೊರಗೆ ಜಾರಿ ಬಂದು, "ಕಾಫಿ ಇದೆಯಾ?" ಅಂದ. ಅವಳು ಇದೆ ಅಂದಳು. ಅವರ ಮನೆಯಲ್ಲಿ ರಾಜಿ ಅಂದರೆ ಅಷ್ಟೇ.

ಅಂಥ ಮೇಸ್ತ್ರಿ ಒಂದು ಬೆಳಿಗ್ಗೆ ಬಾನೆಟ್ ಎತ್ತಿ ನಿಲ್ಲಿಸುತ್ತಿದ್ದವನು ಹಾಗೇ ಕುಸಿದ. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ಹೇಳಿದ್ದು ಬಹಳಷ್ಟು ಅರ್ಥವಾಗುತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಬಾಯಿ ತೆರೆದರೆ ಉಸಿರು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ.

ಕೈಕಾಲಿನ ಚಿಂತೆಯನ್ನು ಕ್ಲಚ್ಚಮ್ಮ ಬೇಗ ಬಿಟ್ಟಳು. ಎತ್ತಿ ಕೂರಿಸುತ್ತೇನೆ, ಉಣ್ಣಿಸುತ್ತೇನೆ, ತೊಳೆಯುತ್ತೇನೆ, ಅದಕ್ಕೇನಂತೆ ಅಂದುಕೊಂಡಳು. ಅವಳನ್ನು ತಿಂದುಹಾಕಿದ್ದು ಮನೆಯ ಮೌನ. ಈ ಮನುಷ್ಯನ ದನಿ ಇನ್ನೊಂದು ಸಲ ಕೇಳದೆ ಸಾಯಬೇಕಾ ತಾನು? ಬೈಯಲಿ, ಗದರಲಿ, ಏನಾದರೂ ಅನ್ನಲಿ. ಅದೊಂದೇ ಅವಳಿಗೆ ಬೇಕಾಗಿದ್ದದ್ದು.

ಮಾತು ಕಲಿಸುವ ಡಾಕ್ಟರಮ್ಮ ಒಳ್ಳೆಯ ಹೆಂಗಸು. "ಯೋಚನೆ ಮಾಡಿ ಆಡೋ ಮಾತು ಬರೋದು ಕಷ್ಟ ಅಮ್ಮಾ. ಆದ್ರೆ ಬಾಯಿಗೆ ರೂಢಿ ಆಗಿರೋ ಮಾತು ಕೆಲವೊಮ್ಮೆ ತಾನಾಗೇ ಹೊರಗೆ ಬರುತ್ತೆ. ಎಣಿಕೆ, ಹಾಡು, ಬೈಗುಳ... ಅವರ ಬಾಯಲ್ಲಿ ಯಾವಾಗ್ಲೂ ಇರ್ತಿದ್ದ ಮಾತು ಯಾವುದು?" ಅಂತ ಕೇಳಿದಳು.

"ದರಿದ್ರದ್ದು ಅನ್ನೋರು ಡಾಕ್ಟರೇ" ಅಂದಳು ಕ್ಲಚ್ಚಮ್ಮ. "ಸ್ಪ್ಯಾನರ್ ಬಿದ್ರೆ ದರಿದ್ರದ್ದು, ಮಳೆ ಬಂದ್ರೆ ದರಿದ್ರದ್ದು. ನನಗೂ ಅಂದಿದ್ದಾರೆ."

ಸರಿ, ಶುರುವಾಯಿತು ಪ್ರಯೋಗ. ಅವನ ಕುರ್ಚಿಯ ಹಿಂದೆ ನಿಂತು ಬೇಕಂತಲೇ ಸ್ಪ್ಯಾನರ್ ಬೀಳಿಸಿದಳು. ಅವನು ಬೆಚ್ಚಿಬಿದ್ದ, ಅಷ್ಟೇ. ಅವನು ಮುಟ್ಟಲು ಬಿಡದ ಸ್ಕ್ರೂಡ್ರೈವರಿನಿಂದ ಡಬ್ಬದ ಮುಚ್ಚಳ ಮೀಟಿದಳು. ಒಂದು ದಿನ ಕಾಫಿಗೆ ಉಪ್ಪು ಹಾಕಿ ಕೊಟ್ಟಳು ಮಹಾತಾಯಿ! ಮುಖ ಕಿವುಚಿಕೊಂಡು ಲೋಟ ತಳ್ಳಿದ, ಮಾತು ಬರಲಿಲ್ಲ. ಉಪ್ಪಿನ ಕಾಫಿಯನ್ನು ತಾನೇ ಕುಡಿದು ಅಡುಗೆಮನೆಯಲ್ಲಿ ಕೂತು ಅತ್ತಳು.

ಹೀಗಿರುವಾಗ ಟೈಲರನ ಕಾರು ಕೈಕೊಟ್ಟಿತು. ಅವನಷ್ಟೇ ಮುದಿಯಾದ ಕಾರು ಅದು, ಮಾರು ಅಂದವರ ಜೊತೆ ಅವನು ಮಾತು ಬಿಡುತ್ತಿದ್ದ. ಇಬ್ಬರು ಮೂವರನ್ನು ಸೇರಿಸಿ ತಳ್ಳಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಂತ. ಕ್ಲಚ್ ತಳಕ್ಕೆ ಹೋಗಿದೆ, ನಾಳೆ ಬೇರೆ ಗ್ಯಾರೇಜಿನವರು ಎಳೆದುಕೊಂಡು ಹೋಗುತ್ತಾರೆ, ಅಲ್ಲಿಯವರೆಗೆ ಇಲ್ಲಿ ನಿಲ್ಲಿಸಬಹುದಾ ಅಂತ ಸಂಕೋಚದಿಂದ ಕೇಳಿದ. ಹಾಗೆ ಕೇಳುವಾಗ ಅವನು ಮೇಸ್ತ್ರಿಯ ಕಡೆ ನೋಡಲೇ ಇಲ್ಲ.

ಕ್ಲಚ್ಚಮ್ಮನ ತಲೆಯಲ್ಲಿ ಆಗ ಹೊಳೆಯಿತು. ಅಯ್ಯೋ ದಡ್ಡಿ, ಬೈಗುಳದ ಹಿಂದೆ ಬಿದ್ದೆನಲ್ಲ! ಇವರ ಬಾಯಿಗೆ ಎಲ್ಲಕ್ಕಿಂತ ರೂಢಿಯಾದ ಮಾತು ಬೇರೆಯೇ ಇದೆಯಲ್ಲ!

"ಯಾವ ಗ್ಯಾರೇಜಿಗೂ ಬೇಡ. ಇಲ್ಲೇ ಬಿಟ್ಟು ಹೋಗಿ, ನಾವು ಮಾಡ್ತೀವಿ" ಅಂದಳು.

"ನಾವು ಅಂದ್ರೆ?"

"ನಾವು ಅಂದ್ರೆ ನಾವೇ. ಅವರು, ನಾನು."

ಟೈಲರ್ ಕಾರನ್ನು ಒಳಗೆ ತಳ್ಳಿಸಿ, ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡು ಕೊಟ್ಟು, ಅದು ಅಲುಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಅಲ್ಲಿಂದ ಕದಲಿದ.

ಮೇಸ್ತ್ರಿಯ ಕುರ್ಚಿಯನ್ನು ಮುಂದಿನ ಚಕ್ರದ ಪಕ್ಕ ಎಳೆದು ಅವಳು ಗೋಣಿಚೀಲದ ಮೇಲೆ ಮಲಗಿ ಒಳಗೆ ಜಾರಿದಳು. ಇಷ್ಟು ವರ್ಷ ಮೇಲೆ ಕೂತವಳು ಕೆಳಗಿನ ಲೋಕ ನೋಡಿದ್ದು ಅವತ್ತೇ. ಅಬ್ಬಾ, ಇದರಡಿ ಇಷ್ಟು ಕತ್ತಲೆಯಾ, ಇಷ್ಟು ಮಣ್ಣಾ ಅನ್ನಿಸಿತು. ಕೆಳಗಿನ ಸಿಲಿಂಡರಿನ ರಬ್ಬರ್ ಟೋಪಿ ಎಳೆದದ್ದೇ ತಡ, ಒಳಗೆ ಸೋರಿ ತುಂಬಿದ್ದ ಎಣ್ಣೆ ಮುಖದ ಮೇಲೆಯೇ ಬಿತ್ತು. ಕಾಯಿಲೆ ಇಲ್ಲೇ ಅಂತ ಗೊತ್ತಾಯಿತು. ಬೋಲ್ಟ್ ಬಿಚ್ಚಿ ಸಿಲಿಂಡರ್ ಹೊರಗೆ ತಂದಳು. ಹಳೇ ಪೇಪರ್ ಹಾಸಿ ಮೇಸ್ತ್ರಿಯ ತೊಡೆಯ ಮೇಲೆ ಇಟ್ಟಳು. ಅವನು ಎಡಗೈಯಲ್ಲಿ ಅದನ್ನು ತಿರುಗಿಸಿ, ಒಳಗೆ ಬೆರಳು ಹಾಕಿ ಸವರಿ, ಗೀರು ಬಿದ್ದಿಲ್ಲ ಅಂತ ತಲೆಯಾಡಿಸಿದ. ಬದಲಾಯಿಸಬೇಕಾದ್ದು ಒಳಗಿನ ರಬ್ಬರ್ ಬಟ್ಟಲು ಮಾತ್ರ. ಸವೆದು ಅಂಚು ಕಿತ್ತುಹೋಗಿತ್ತು.

ಹೊಸ ಬಟ್ಟಲನ್ನು ಎಣ್ಣೆಯಲ್ಲಿ ಅದ್ದಿ, ಸಿಲಿಂಡರಿನೊಳಗೆ ಹಿಂದೆ ಮುಂದೆ ಜಾರುವ ಪಿಸ್ಟನ್ನಿಗೆ ಏರಿಸಿದಳು. ಮೇಸ್ತ್ರಿ ಕುರ್ಚಿಯ ಕೈ ಬಡಿದ.

"ಏನ್ರೀ? ನೀರು ಬೇಕಾ?"

ಇನ್ನೂ ಜೋರಾಗಿ ಬಡಿದ.

"ಒಳಗೆ ಕರ್ಕೊಂಡು ಹೋಗ್ಲಾ? ಬಚ್ಚಲಿಗಾ?"

ಅವನ ಮುಖ ಕೆಂಪಾಯಿತು. ಅವಳ ಕೈಯಿಂದ ಪಿಸ್ಟನ್ ಕಿತ್ತುಕೊಂಡು ಆ ರಬ್ಬರನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದು, ತಿರುಗಿಸಿ ಹಿಡಿದ. ಬಟ್ಟಲಿನ ಬಾಯಿ ಎಣ್ಣೆಯ ಕಡೆಗಿರಬೇಕು, ಇವಳು ಬೆನ್ನು ತಿರುಗಿಸಿ ಹಾಕಿದ್ದಳು. ಹಾಗೇ ಬಿಟ್ಟಿದ್ದರೆ ಮಾಡಿದ್ದೆಲ್ಲ ನೀರುಪಾಲು.

"ಉಲ್ಟಾ ಹಾಕಿಬಿಟ್ಟಿದ್ದೆನಾ!" ಅಂತ ತಲೆ ಚಚ್ಚಿಕೊಂಡಳು. ಮೇಸ್ತ್ರಿಯ ತುಟಿಯ ಎಡಗಡೆ ಸ್ವಲ್ಪ ಮೇಲಕ್ಕೆ ಹೋಯಿತು. "ಬೈಕೊಂಡ್ರಲ್ಲ ಮನಸ್ಸಲ್ಲೇ? ಗೊತ್ತಾಯ್ತು ಬಿಡಿ." ಆ ಮನುಷ್ಯ ಪೂರ್ತಿ ಒಳಗಿದ್ದಾನೆ, ಎಲ್ಲೂ ಹೋಗಿಲ್ಲ ಅಂತ ಅವಳಿಗೆ ಅವತ್ತು ಖಚಿತವಾಯಿತು. ಹೊರಗೆ ಬರಲು ದಾರಿಯೊಂದು ಬೇಕಿತ್ತು.

ಮಾರನೆಯ ಬೆಳಿಗ್ಗೆ ಟೈಲರನ್ನು ಕರೆದು ಇಬ್ಬರೂ ಸೇರಿ ಮೇಸ್ತ್ರಿಯನ್ನು ಎತ್ತಿ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಬಲಗಾಲು ಸತ್ತಿದ್ದರೂ ಕ್ಲಚ್ಚಿಗೆ ಬೇಕಾದದ್ದು ಎಡಗಾಲು, ಅದು ಗಟ್ಟಿಯಾಗಿತ್ತು. ಬೀಳದಂತೆ ಪಕ್ಕಕ್ಕೆ ದಿಂಬು ಕೊಟ್ಟಳು. ಸಿಲಿಂಡರನ್ನು ಹಿಂದಿನ ದಿನವೇ ಜಾಗಕ್ಕೆ ಬಿಗಿದಾಗಿತ್ತು. ಕ್ಲಚ್ಚಿನ ಎಣ್ಣೆಯ ಡಬ್ಬಿಗೆ ಹೊಸ ಎಣ್ಣೆ ಸುರಿದಳು, ನಿಪ್ಪಲ್ಲಿಗೆ ಪೈಪು ಸಿಕ್ಕಿಸಿ ಬಾಟಲಿಗೆ ಬಿಟ್ಟಳು. ಸ್ಪ್ಯಾನರ್ ಹಿಡಿದು ಮಲಗಿದವಳ ಕಿವಿ ಪೂರ್ತಿ ಮೇಲೆಯೇ ಇತ್ತು. ಗಾಳಿಯ ಚಿಂತೆ ಯಾರಿಗಿತ್ತು!

"ಒತ್ತು" ಅಂದಳು. ಗಂಡನಿಗೆ ಜೀವನದಲ್ಲಿ ಮೊದಲ ಸಲ ಏಕವಚನ. ನಾಲಗೆ ಕಚ್ಚಿಕೊಂಡಳು.

ಮೇಲಿಂದ ಉತ್ತರವಿಲ್ಲ. ಸಿಲಿಂಡರಿನ ಕಡ್ಡಿ ಮುಂದಕ್ಕೆ ಬಂದದ್ದು ಕಾಣಿಸಿತು. ಒತ್ತಿದ್ದಾನೆ ಅಂತಾಯಿತು. ನಿಪ್ಪಲ್ ಸಡಿಲಿಸಿದಳು, ಗುಳ್ಳೆ ಬಂತು, ಬಿಗಿದಳು, "ಬಿಡಿ" ಅಂದಳು. ಕಡ್ಡಿ ಹಿಂದೆ ಸರಿಯಿತು. ಮತ್ತೆ "ಒತ್ತಿ." ಮತ್ತೆ ಮೌನ. ಕೆಲಸವೇನೋ ನಡೆಯುತ್ತಿತ್ತು, ಅವಳ ಆಸೆ ಮಾತ್ರ ಒಂದೊಂದೇ ಗುಳ್ಳೆಯಾಗಿ ಬಾಟಲಿಗೆ ಹೋಗುತ್ತಿತ್ತು. ಕಣ್ಣೀರು ಕಿವಿಯ ಕಡೆ ಇಳಿಯಿತು, ಒರೆಸಲು ಕೈ ತುಂಬ ಎಣ್ಣೆ.

ಈ ಸಲ ಅವಳು ಏನೂ ಅನ್ನಲಿಲ್ಲ. ಸ್ಪ್ಯಾನರ್ ಹಿಡಿದು ಸುಮ್ಮನೆ ಮಲಗಿದ್ದಳು.

"ಒತ್ತು."

ಅವನ ದನಿ. ಸ್ವಲ್ಪ ಒರಟು, ಸ್ವಲ್ಪ ಸಿಡುಕು, ಅಪ್ಪಟ ಅವನದೇ.

ಲೆಕ್ಕದ ಪ್ರಕಾರ ಅದು ತಪ್ಪು ಮಾತು. ಮೇಲೆ ಕೂತವರು ಒತ್ತಿದೆ ಅನ್ನಬೇಕು. ಆದರೆ ಅವನು ಒಮ್ಮೆಯೂ ಮೇಲೆ ಕೂತವನೇ ಅಲ್ಲ, ಅವನ ಬಾಯಿಗೆ ಗೊತ್ತಿದ್ದದ್ದು ಅವನ ಪಾಲಿನ ಮಾತು. ಕೆಳಗಿದ್ದವಳಾದರೂ ಏನು ಮಾಡಿದಳು? ಕಾಲಡಿ ಪೆಡಲ್ ಇಲ್ಲ, ಹಿಮ್ಮಡಿಗೆ ಸಿಮೆಂಟು ನೆಲ ತಾಗುತ್ತಿದೆ, ಆದರೂ ಎಡಗಾಲನ್ನು ಚಾಚಿ ಒತ್ತಿ, "ಒತ್ತಿದೆ!" ಅಂತ ಕೂಗಿಬಿಟ್ಟಳು.

"ಒತ್ತು" ಅಂದ ಮೇಸ್ತ್ರಿ, ಪೆಡಲ್ ಒತ್ತಿದ.

"ಒತ್ತಿದೆ" ಅಂದಳು ಅವಳು, ನಿಪ್ಪಲ್ ಸಡಿಲಿಸಿದಳು.

ಹಾಗೆ ಅದಲುಬದಲು ಮಾತಿನಲ್ಲೇ ಗಾಳಿ ಪೂರ್ತಿ ಹೋಗಿ, ಬರೀ ಎಣ್ಣೆ ಬಂತು, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಮೇಸ್ತ್ರಿಯನ್ನು ಇಳಿಸಿ ಟೈಲರ್ ತಾನೇ ಸೀಟಿನಲ್ಲಿ ಕೂತು ಗೇರ್ ಹಾಕಿದ, ಬೆಣ್ಣೆಯಂತೆ ಬಿತ್ತು. ಅವನು ಸ್ಟೀರಿಂಗಿಗೆ ಹಣೆ ಇಟ್ಟು ಅತ್ತ. ಕ್ಲಚ್ಚಮ್ಮ ಎಣ್ಣೆ ಮುಖದಲ್ಲೇ ಬೀದಿಗೆ ಓಡಿ, ಸಿಕ್ಕಿದವರಿಗೆಲ್ಲ "ಮಾತು ಬಂತು, ನಮ್ಮನೆಯವರಿಗೆ ಮಾತು ಬಂತು" ಅಂತ ಹೇಳಿದಳು.

ಬಂದದ್ದು ಅದೊಂದೇ ಮಾತು.

ನೀರು ಬೇಕಾದರೆ ಒತ್ತು. ಬೆನ್ನು ತುರಿಸಿದರೆ ಒತ್ತು. ಸೆಖೆಯಾದರೆ, ಸಿಟ್ಟು ಬಂದರೆ, ನಿದ್ದೆ ಬಾರದಿದ್ದರೆ, ಎಲ್ಲಕ್ಕೂ ಒತ್ತು. ಹೇಳಲು ಹೊರಟದ್ದು ಬೇರೆ, ಬಾಯಿಂದ ಬೀಳುವುದು ಇದು. ಅವನಿಗೂ ಕೇಳಿಸುತ್ತಿತ್ತು, ಹುಬ್ಬು ಗಂಟಿಕ್ಕಿ ಮತ್ತೆ ಪ್ರಯತ್ನಿಸುತ್ತಿದ್ದ, ಮತ್ತೆ ಅದೇ. ಇದಕ್ಕಿಂತ ಮುಂದೆ ಹೋಗದೆಯೂ ಇರಬಹುದು ಅಂತ ಡಾಕ್ಟರಮ್ಮ ಮೆಲ್ಲಗೆ ಹೇಳಿದಳು. ಕ್ಲಚ್ಚಮ್ಮನಿಗೆ ಅದು ಸಾಕಾಗಿತ್ತು. ಸಾಕೇನು, ಹಬ್ಬ! ಆ ಒಂದೇ ಮಾತಿನ ರಾಗಗಳನ್ನು ಅವಳು ಕಲಿತಳು. ಎಳೆದು ಅಂದರೆ ಹಸಿವು, ಮೊಟಕಾಗಿ ಅಂದರೆ ಸಿಟ್ಟು, ಮೆಲ್ಲಗೆ ಅಂದರೆ ಇಲ್ಲಿ ಬಂದು ಕೂತುಕೋ. ಮೂರಕ್ಕೂ ಒತ್ತಿದೆ ಒತ್ತಿದೆ ಅನ್ನುತ್ತಾ ಓಡುತ್ತಿದ್ದಳು. ಮನೆಯಲ್ಲಿ ಮತ್ತೆ ಇಬ್ಬರ ದನಿ ಇತ್ತು.

ಸುದ್ದಿ ಕೇಳಿ ನಾದಿನಿ ಬಂದಳು. ಅವಳ ವಿಷಯಕ್ಕೆ ನಡೆದ ಆ ಹಳೇ ಜಗಳವಾದ ಮೇಲೆ ಅಣ್ಣ ತಂಗಿಯ ನಡುವೆ ಹೋಗಿಬರುವುದು ಇತ್ತು, ಮನಸ್ಸು ಬಿಚ್ಚಿ ಮಾತು ಇರಲಿಲ್ಲ. ಅವಳು ಬರುತ್ತಾಳೆ ಅಂತ ತಿಳಿದಾಗಿನಿಂದ ಮೇಸ್ತ್ರಿಗೆ ಏನೋ ತಳಮಳ. ಒಗೆದ ಅಂಗಿಯೇ ಬೇಕು ಅಂತ ಕೈ ತೋರಿಸಿ ಹಟ ಹಿಡಿದ. ತಲೆ ಬಾಚಿಸಿಕೊಂಡ. ತಂಗಿ ಎದುರಿಗೆ ಸ್ಟೂಲಿನಲ್ಲಿ ಕೂತು "ಹೇಗಿದ್ದೀಯ ಅಣ್ಣ?" ಅಂದ ಕೂಡಲೇ ಅವಳ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಶುರುಮಾಡಿದ.

"ಒತ್ತು... ಒತ್ತು ಒತ್ತು, ಒತ್ತು. ಒತ್ತು... ಒತ್ತು ಒತ್ತು."

ಉದ್ದನೆಯ ಮಾತು ಅದು. ಏರಿಳಿತವಿತ್ತು, ನಡುವೆ ನಿಲ್ಲಿಸಿ ಯೋಚಿಸಿದ್ದಿತ್ತು, ಕೊನೆಗೊಂದು ಪ್ರಶ್ನೆಯೂ ಇದ್ದ ಹಾಗಿತ್ತು. ಆರೋಗ್ಯವಾಗಿದ್ದಾಗಲೂ ಅವನು ಅಷ್ಟು ಉದ್ದ ಮಾತಾಡಿದವನಲ್ಲ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಕ್ಲಚ್ಚಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ನೋಡಿದೆಯಾ ನನ್ನ ಗಂಡ ಎಷ್ಟು ಮಾತಾಡುತ್ತಾನೆ! ಅವಳು ನಕ್ಕುಬಿಟ್ಟಳು. ಅವಳು ನಕ್ಕದ್ದು ನೋಡಿ, ಏನು ಮಾಡಬೇಕೋ ತಿಳಿಯದೆ ಒದ್ದಾಡುತ್ತಿದ್ದ ನಾದಿನಿಯೂ ನಕ್ಕಳು.

ಮೇಸ್ತ್ರಿ ತಂಗಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಕೈ ಬಿಟ್ಟ. ಬಾಯಿ ಮುಚ್ಚಿದ. ಅವನು ತಂಗಿಗೆ ಏನು ಹೇಳಬೇಕೆಂದಿದ್ದನೋ ಯಾರಿಗೂ ತಿಳಿಯಲಿಲ್ಲ.

ಅವತ್ತು ಸಂಜೆ ನೀರಿಗೆ ಕೈ ತೋರಿಸಿದ. ಮಾರನೆಯ ದಿನವೂ ಕೈಯೇ. ಮೊದಮೊದಲು ಸುಸ್ತು ಅಂದುಕೊಂಡಳು. ಆಮೇಲೆ ಅರ್ಥವಾಯಿತು, ಬರದೆ ಇರುವುದಲ್ಲ ಇದು, ಬೇಡ ಅಂತ ಬಿಟ್ಟಿರುವುದು. ಮೊದಲಿನ ಮೌನವನ್ನು ಲಕ್ವ ತಂದಿತ್ತು. ಈ ಮೌನವನ್ನು ತಂದದ್ದು ತಾನೇ. ಅವಳು ಊಟ ಬಿಟ್ಟಳು, ತಟ್ಟೆ ಕುಕ್ಕಿದಳು, ಬೈದಳು, ಕಾಲು ಹಿಡಿದಳು. ನಾದಿನಿ ಮತ್ತೆ ಬಂದು ಅತ್ತು ಹೋದಳು. ಅವನು ಕೇಳಿಸಿಕೊಂಡ, ಬಾಯಿ ತೆರೆಯಲಿಲ್ಲ.

ಕೊನೆಗೆ ಅವಳೇ ಹೋಗಿ ಇನ್ನೊಂದು ಹಳೇ ಕಾರಿನ ಕೆಲಸ ಕೇಳಿ ತಂದಳು. ಅದೇ ಕಾಯಿಲೆ, ಅದೇ ರಬ್ಬರ್. ಬಟ್ಟಲನ್ನು ಈ ಸಲ ಸರಿಯಾಗಿ ಹಾಕಿದಳು. ಟೈಲರ್ ಬಂದು ಮೇಸ್ತ್ರಿಯನ್ನು ಸೀಟಿನಲ್ಲಿ ಕೂರಿಸಿಕೊಟ್ಟು ಹೋದ. ಕೆಳಗೆ ಮಲಗಿ ಬಹಳ ಹೊತ್ತು ಬಾಯಿ ಬಿಡದೆ ಕಾದಳು. ಅವನೇ ಮೊದಲು ಅನ್ನಲಿ ಅಂತ. ಮೇಲೆ ಸೀಟಿನ ಸ್ಪ್ರಿಂಗ್ ಕಿರ್ ಅಂದಿತು. ಕಡ್ಡಿ ಮುಂದೆ ಬಂತು, ಹಿಂದೆ ಹೋಯಿತು. ಅವನು ಕಾಲಿನ ಕೆಲಸ ಮಾಡುತ್ತಿದ್ದ.

ಅವಳು ಹೊರಗೆ ಜಾರಿ ಬಂದು ತೆರೆದ ಬಾಗಿಲಿನ ಹತ್ತಿರ ಮಂಡಿಯೂರಿದಳು.

"ನಾನು ನಕ್ಕಿದ್ದು ಖುಷಿಗೆ ಕಣ್ರೀ. ಆಡಿಕೊಂಡಿದ್ದಲ್ಲ. ನಿಮ್ಮಾಣೆ ಅಲ್ಲ. ಅಷ್ಟುದ್ದ ಮಾತಾಡಿದ್ರಲ್ಲ, ಅದಕ್ಕೆ... ತಪ್ಪೋ ಸರಿಯೋ, ಯಾರಿಗೆ ಬೇಕು? ನನಗೆ ನಿಮ್ಮ ದನಿ ಬೇಕು. ಒಂದು ಸಲ ಅನ್ನಿ. ಒಂದೇ ಸಲ ಅಂದುಬಿಡಿ, ಆಮೇಲೆ ಕೇಳಲ್ಲ."

ಮೇಸ್ತ್ರಿ ಅವಳನ್ನೇ ನೋಡಿದ. ಅವನ ಕಣ್ಣು ತುಂಬಿತು. ಎಡಗೈ ಚಾಚಿ ಅವಳ ಕೆನ್ನೆಯ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿದ, ತಲೆ ಸವರಿದ. ಸಿಟ್ಟಿರಲಿಲ್ಲ ಅವನಿಗೆ, ಅದು ಅವಳಿಗೂ ಕಾಣಿಸಿತು. ಸಿಟ್ಟಾದರೂ ಇದ್ದಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು. ತುಟಿಗಳನ್ನು ಒಳಗೆ ಮಡಚಿಕೊಂಡು ಅವನು ಇಲ್ಲ ಅಂತ ತಲೆಯಾಡಿಸಿದ.

ಅವಳು ಸ್ಟೀರಿಂಗ್ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೂ ಕಾರು ಹಾಗೇ ಇತ್ತು, ಒಳಗೆ ಗಾಳಿಯಿತ್ತು, ಕಾರಿನವರು ಸಂಜೆಗೆ ಬರುವವರಿದ್ದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಕಾರಿನಡಿಗೆ ಹೋಗಿ ಮಲಗಿದಳು. ಸ್ಪ್ಯಾನರ್ ನಿಪ್ಪಲ್ಲಿಗೆ ಸಿಕ್ಕಿಸಿ "ಒತ್ತು" ಅಂದಳು. ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದಳು. ಆಮೇಲೆ "ಒತ್ತಿದೆ" ಅಂತಲೂ ತಾನೇ ಅಂದು, ನಿಪ್ಪಲ್ ಸಡಿಲಿಸಿದಳು.